ನಾಲ್ಕು ದಿನಕ್ಕೆಂದು ಒಯ್ದ ರೇಡಿಯೋ ಪುಸ್ತಕ

ಸ್ವೀಡನ್‌ಗೆ ಹೋಗಿ ಬಂದೆ ಎಂದರೆ ದಾವಣಗೆರೆಯಲ್ಲಿ ಎಲ್ಲರೂ ಮೊದಲು ಕೇಳುವುದು, ಅಲ್ಲಿ ಆಕಾಶದಲ್ಲಿ ಹಸಿರು ಬೆಳಕು ಕುಣಿಯುತ್ತದಂತಲ್ಲ, ನೋಡಿದಿರಾ ಎಂದು. ನೋಡಲಿಲ್ಲ. ನಾನು ಹೋದದ್ದು ಮೇ ತಿಂಗಳಲ್ಲಿ. ಆಗ ಅಲ್ಲಿ ಆಕಾಶ ಸರಿಯಾಗಿ ಕಪ್ಪಾಗುವುದೇ ಇಲ್ಲ. ಅರಮನೆ? ಅದೂ ಇಲ್ಲ. ನಾನು ನೋಡಿದ್ದು ಒಂದು ಹಳೇ ಸಾಮಾನಿನ ಸಂತೆ, ಒಂದು ಲಿಫ್ಟಿನ ಬಾಗಿಲು, ಒಂದು ನೆಲಮಾಳಿಗೆ. ಇಷ್ಟಕ್ಕಾಗಿ ವೀಸಾ ಅರ್ಜಿಯಲ್ಲಿ ಅಷ್ಟೊಂದು ಪುಟ ತುಂಬಿಸಿದಿರಾ ಎಂದು ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ.

ಹೋದ ಕಾರಣ ಹೇಳಿದರೆ ಇರುವ ಅಲ್ಪಸ್ವಲ್ಪ ಮರ್ಯಾದೆಯೂ ಹೋಗುತ್ತದೆ. ಆದರೂ ಹೇಳದೆ ಕಥೆ ಮುಂದೆ ಹೋಗುವುದಿಲ್ಲ.

ನಮ್ಮೂರಿನಲ್ಲಿ ಖಾದರ್ ಸಾಹೇಬರು ಎಂಬ ಹಿರಿಯರಿದ್ದಾರೆ. ಹತ್ತಿ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು, ಈಗ ಎಂಬತ್ತನಾಲ್ಕು. ಹವ್ಯಾಸಿ ರೇಡಿಯೋ ಹುಚ್ಚಿನವರು. ಗಿರಣಿಯ ಗುಜರಿ ತಗಡನ್ನು ಬಗ್ಗಿಸಿ, ಸುಟ್ಟ ವಾಲ್ವು ಎಂಬ ಗಾಜಿನ ಬುರುಡೆಗಳ ಬುಡಕ್ಕೆ ತಂತಿ ಸುತ್ತಿ ಕಾಯಿಲ್ ಮಾಡಿ, ಮಕ್ಕಳ ಕೋನಮಾಪಕವನ್ನೇ ಡಯಲ್ ಮಾಡಿ ತಾವೇ ಒಂದು ರಿಸೀವರ್ ಕಟ್ಟಿದ್ದರು. ಅದನ್ನು ಕಟ್ಟಿದ್ದು ಒಂದು ಸ್ವೀಡಿಷ್ ಪುಸ್ತಕ ನೋಡಿ. ಅದಕ್ಕೂ ಹಳೆಯ ಸೆಟ್ಟಿನ ಮೋರ್ಸ್ ಕಟಕಟದಲ್ಲಿ ಪರಿಚಯವಾದ ಯಾರೋ ಸ್ವೀಡನ್ನಿನವರು ಅಂಚೆಯಲ್ಲಿ ಕಳಿಸಿದ್ದು. ನೀಲಿ ರಟ್ಟು, ಮುಖಪುಟದ ಮೇಲೆ ಒಂದು ವಾಲ್ವಿನ ಚಿತ್ರ. ಒಳಗಿನ ಒಂದಕ್ಷರವೂ ಅವರಿಗಾಗಲಿ ನನಗಾಗಲಿ ಗೊತ್ತಿರಲಿಲ್ಲ, ಆದರೆ ಸರ್ಕ್ಯೂಟಿನ ಚಿತ್ರ ಓದಲು ಸ್ವೀಡಿಷ್ ಏಕೆ ಬೇಕು?

ನಾನಾಗ ಪಾಲಿಟೆಕ್ನಿಕ್ಕಿನಲ್ಲಿ ಹೊಸದಾಗಿ ಸೇರಿದ ಲ್ಯಾಬ್ ಸಹಾಯಕ, ಇಪ್ಪತ್ತೈದು ವಯಸ್ಸು. ಸಂಜೆಯಾದರೆ ಸಾಹೇಬರ ಮನೆಯಲ್ಲೇ ಠಿಕಾಣಿ. ಅವರ ಹೆಂಡತಿ ಜುಬೇದಾ ಚಾಚಿ ನನಗೆಂದೇ ಬೇರೆ ಬಾಣಲೆಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿದು ಮಂಡಕ್ಕಿ ಜೊತೆ ಕೊಡುತ್ತಿದ್ದರು. ಒಂದು ದಿನ, ನಾನೂ ಇಂಥದೊಂದು ರೇಡಿಯೋ ಕಟ್ಟುತ್ತೇನೆ, ನಾಲ್ಕು ದಿನಕ್ಕೆ ಪುಸ್ತಕ ಕೊಡಿ ಎಂದು ಕೇಳಿ ಒಯ್ದೆ. ರೇಡಿಯೋ ಕಟ್ಟಲಿಲ್ಲ. ಒಂದು ಸ್ಕ್ರೂ ಕೂಡ ತಿರುಗಿಸಲಿಲ್ಲ. ಏಳು ತಿಂಗಳ ಮೇಲೆ ಬಳ್ಳಾರಿಗೆ ವರ್ಗವಾದಾಗ ಬಾಡಿಗೆ ಕೋಣೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಹಳೇ ಪೇಪರ್ ಜೊತೆ ಅದೂ ರದ್ದಿಯವನ ತಕ್ಕಡಿ ಏರಿತು. ಹೊರಡುವ ದಿನ ಸಾಹೇಬರು ಕೇಳಿದರು, "ಮಂಜಾ, ಪುಸ್ತಕ?"

"ಅವತ್ತೇ ಕೊಟ್ನಲ್ಲ ಸಾಹೇಬ್ರೆ. ನಿಮ್ಮ ಮೇಜಿನ ಮೇಲೇ ಇಟ್ಟಿದ್ದೆ" ಎಂದೆ.

ಅವರು ಎರಡನೇ ಸಲ ಕೇಳಲಿಲ್ಲ.

ಐದು ವರ್ಷದ ಹಿಂದೆ ಅವರ ಮನೆಯ ಛಾವಣಿ ಸೋರಿ, ರಿಸೀವರಿನ ಕಾಯಿಲ್‌ಗಳು ಹಸಿರು ಹಿಡಿದು ತುಂಡಾದವು. ಅಷ್ಟರಲ್ಲಿ ನಾನು ನಿವೃತ್ತನಾಗಿ ಊರಿಗೆ ಮರಳಿದ್ದೆ, ಚಾಚಿ ತೀರಿಕೊಂಡಿದ್ದರು. ಇಬ್ಬರೂ ಕೂತು ಅಂದಾಜಿನ ಮೇಲೆ ಎರಡು ಸಲ ಹೊಸದಾಗಿ ಸುತ್ತಿದೆವು. ಮೊದಲನೇ ಸಲ ರೇಡಿಯೋ ಉಸಿರೇ ಎತ್ತಲಿಲ್ಲ, ಎರಡನೇ ಸಲ ಪಕ್ಕದ ಮನೆಯವರು ಓಡಿ ಬರುವಷ್ಟು ಊಳಿಟ್ಟಿತು. ಒಂದೊಂದು ಕಾಯಿಲ್‌ನಲ್ಲೂ ಒಂದರ ಮೇಲೊಂದು ಮೂರು ಸುರುಳಿ, ಅವುಗಳ ಮಧ್ಯದ ಅಂತರ ಕೂದಲೆಳೆ ತಪ್ಪಿದರೂ ಹಾಗೆ. "ಆ ಪುಸ್ತಕ ಒಂದು ಇದ್ದಿದ್ರೆ" ಎನ್ನುತ್ತಿದ್ದರು ಸಾಹೇಬರು, "ನಮ್ಮ ಮನೇಲೇ ಎಲ್ಲೋ ಹೋಯ್ತು ನೋಡು." ನಾನು ತಲೆ ತಗ್ಗಿಸಿ ಸೋಲ್ಡರ್ ಮಾಡುತ್ತಿದ್ದೆ. ಸೋಲ್ಡರ್ ಮಾಡಲು ಏನೂ ಇಲ್ಲದಿದ್ದಾಗಲೂ ಮಾಡುತ್ತಿದ್ದೆ.

ಕಳೆದ ವರ್ಷ ತಂಗಿಯ ಮಗಳು ವೀಣಾ ಸ್ವೀಡನ್‌ನಿಂದ ಫೋನ್ ಮಾಡಿ, "ಮಾಮ, ರಿಟೈರ್ ಆಗಿದೀರ, ಒಂದ್ ತಿಂಗ್ಳು ಬನ್ನಿ" ಎಂದಾಗ ನಾನು ಒಪ್ಪಿಕೊಂಡ ವೇಗಕ್ಕೆ ಅವಳೇ ಗಾಬರಿಯಾದಳು.

ಎಸ್ಕಿಲ್‌ಸ್ಟುನಾ: ಹತ್ತು ಹೆಜ್ಜೆ

ವೀಣಾ ಎಸ್ಕಿಲ್‌ಸ್ಟುನಾದಲ್ಲಿ, ಮಣ್ಣು ಅಗೆಯುವ ದೊಡ್ಡ ಯಂತ್ರಗಳನ್ನು ಮಾಡುವ ಕಂಪನಿಯಲ್ಲಿ ಇಂಜಿನಿಯರ್. ಅವಳ ಮನೆಯಲ್ಲಿ ಎಲ್ಲವೂ ಕ್ಯಾಲೆಂಡರಿನಲ್ಲಿ ಇರುತ್ತದೆ; ಬಟ್ಟೆ ಒಗೆಯುವುದಕ್ಕೂ ಕಟ್ಟಡದ ಕೆಳಗಿನ ಲಾಂಡ್ರಿ ಕೋಣೆಯಲ್ಲಿ ಮುಂಗಡ ಹೊತ್ತು ಗೊತ್ತುಮಾಡಿಕೊಳ್ಳಬೇಕು. ಎರಡನೇ ದಿನವೇ ನಾನು ಕೈಬೀಸಿಕೊಂಡು ಹೋಗಿ, ಬೇರೆ ಯಾರದೋ ಹೊತ್ತಿನಲ್ಲಿ ನನ್ನ ಪಂಚೆ, ಬನಿಯನ್ ಮಷಿನ್ನಿಗೆ ಹಾಕಿ ಬಂದೆ. ವಾಪಸ್ ಹೋದಾಗ ಅವು ಮಡಚಿಟ್ಟ ಸ್ಥಿತಿಯಲ್ಲಿ ಬುಟ್ಟಿಯಲ್ಲಿದ್ದವು, ಮೇಲೊಂದು ಚೀಟಿ. ವೀಣಾ ಅದನ್ನು ಓದಿದಳು, ನನಗೆ ಅರ್ಥ ಹೇಳಲಿಲ್ಲ.

ಪುಸ್ತಕದ ವಿಷಯ ಅವಳಿಗೆ ಅರ್ಧ ಮಾತ್ರ ಹೇಳಿದ್ದೆ. ಹಳೇ ರೇಡಿಯೋ ರಿಪೇರಿಗೆ ಬೇಕು, ಅಷ್ಟೆ.

"ನೆಟ್‌ನಲ್ಲಿ ಸಿಗಲ್ವಾ ಮಾಮ?"

"ಇಲ್ಲಮ್ಮ. ಯಾವುದೋ ರೇಡಿಯೋ ಸಂಘದವರು ತಮ್ಮ ಪಾಡಿಗೆ ಅಚ್ಚು ಹಾಕಿಸಿದ್ದು."

"ಹಂಗಾದ್ರೆ ಲೊಪ್ಪಿಸ್‌ಗೆ ಹೋಗೋಣ. ಸ್ಯಾಟರ್ಡೇ ಫ್ರೀ ಇದೀನಿ."

ಲೊಪ್ಪಿಸ್ ಎಂದರೆ ಹಳೇ ಸಾಮಾನಿನ ಸಂತೆ. ಒಂದು ದೊಡ್ಡ ಹಾಲಿನ ತುಂಬ ಮೇಜುಗಳು, ಅವುಗಳ ಮೇಲೆ ಜನ ತಮ್ಮ ಮನೆಯ ಅಟ್ಟವನ್ನೇ ತಂದು ಸುರಿದಿದ್ದರು. ಆದರೆ ಸಂತೆಯ ಗದ್ದಲವೇ ಇಲ್ಲ. ಆಸ್ಪತ್ರೆಯಲ್ಲಿ ರೋಗಿ ನೋಡಲು ಬಂದವರ ಹಾಗೆ ಎಲ್ಲರೂ ಮೆಲ್ಲಗೆ ಓಡಾಡುತ್ತಿದ್ದರು. ವೀಣಾ ಕಾಫಿಗೆ ಸಾಲಿನಲ್ಲಿ ನಿಂತಳು. ನಾನು ಒಬ್ಬನೇ ಮೇಜಿಂದ ಮೇಜಿಗೆ ಹೋಗುತ್ತಿದ್ದವನು ನಾಲ್ಕನೇ ಸಾಲಿನಲ್ಲಿ ಕಲ್ಲಿನಂತೆ ನಿಂತೆ. ದಾರದಲ್ಲಿ ಕಟ್ಟಿದ ಪುಸ್ತಕಗಳ ಕಂತೆ. ಎಲ್ಲಕ್ಕಿಂತ ಮೇಲೆ ನೀಲಿ ರಟ್ಟು.

ಇಲ್ಲಿ ನಾನು ಮಾಡಬೇಕಾಗಿದ್ದು ಒಂದೇ ಕೆಲಸ: ಕೇಳಿದಷ್ಟು ಕೊಟ್ಟು ಕಂತೆ ಎತ್ತಿಕೊಳ್ಳುವುದು. ಆದರೆ ನಾನು ದಾವಣಗೆರೆ ಸಂತೆಯಲ್ಲಿ ಬೆಳೆದವನು. ಬೇಕಾದ ವಸ್ತುವನ್ನು ಬೇಕು ಎಂದು ತೋರಿಸಿದರೆ ಮುಗಿಯಿತು. ಮುಖವನ್ನು ಸಪ್ಪಗೆ ಮಾಡಿಕೊಂಡೆ. ಪಕ್ಕದ ಪಿಂಗಾಣಿ ಬಾತುಕೋಳಿಯನ್ನು ಎತ್ತಿ ನೋಡಿದೆ. ಆಮೇಲೆ ಏನೋ ನೆನಪಾದವನ ಹಾಗೆ ಕಂತೆಯನ್ನು ಬೆರಳಿನಿಂದ ತಟ್ಟಿ ಎಷ್ಟು ಎಂದೆ. ಮೇಜಿನ ಹಿಂದೆ ಸ್ವೆಟರ್ ಹೆಣೆಯುತ್ತಿದ್ದ ಹೆಂಗಸು ಹೇಳಿದಳು. ನಾನು ಅರ್ಧ ಹೇಳಿದೆ. ಆಕೆ ಇಲ್ಲವೆಂದು ತಲೆಯಾಡಿಸಿದಳು, ಕೋಪವಿಲ್ಲದೆ. ಸರಿ, ನಾನು ಭುಜ ಕುಣಿಸಿ, ಹೊರಟೆ.

ಹೊರಡುವುದರಲ್ಲಿ ಒಂದು ಹದವಿದೆ. ಅವಸರ ಮಾಡಬಾರದು, ಹಿಂದಿನಿಂದ "ಬನ್ನಿ ಸಾರ್, ಎಷ್ಟು ಕೊಡ್ತೀರಿ ಹೇಳಿ" ಎಂದು ಕೂಗಲು ಸಮಯ ಕೊಡಬೇಕು. ನನ್ನ ಅನುಭವದಲ್ಲಿ ಆರನೇ ಹೆಜ್ಜೆಗೆ ಕೂಗು ಬರುತ್ತದೆ. ಅಲ್ಲಿ ಹತ್ತು ಹೆಜ್ಜೆ ನಡೆದರೂ ಬರಲಿಲ್ಲ. ದೀಪದ ಬುರುಡೆಗಳ ಮೇಜಿನ ಹತ್ತಿರ ನಿಂತು ಇನ್ನೂ ಸ್ವಲ್ಪ ಕಾದೆ. ಕೊನೆಗೆ ನಾಚಿಕೆ ಬಿಟ್ಟು ತಿರುಗಿ ಬಂದರೆ ಕಂತೆ ಇದ್ದ ಜಾಗದಲ್ಲಿ ಬರಿಯ ಮೇಜು ಕಾಣುತ್ತಿತ್ತು.

ವೀಣಾ ಕಾಫಿ ಹಿಡಿದು ಬಂದಾಗ ನಾನು ಅಲ್ಲೇ ನಿಂತಿದ್ದೆ. ಆ ಹೆಂಗಸಿನ ಜೊತೆ ಸ್ವೀಡಿಷ್‌ನಲ್ಲಿ ಮಾತಾಡಿ ವಿಷಯ ತಿಳಿದುಕೊಂಡಳು. ಕೊಂಡವನು ಫ್ಲೆಮಿಂಗ್ಸ್‌ಬೆರ್ಯ್ ಎಂಬ ಊರಿನ ಒಬ್ಬ ಮುದುಕ. ರೇಡಿಯೋ ಸಾಮಾನು ಬಂದರೆ ತಿಳಿಸಿ ಎಂದು ತನ್ನ ನಂಬರ್ ಕೊಟ್ಟಿದ್ದಾನೆ.

"ನೀವು ಬೇಡ ಅಂತ ಹೋದ್ರಂತೆ?" ವೀಣಾ ನನ್ನನ್ನು ನೋಡಿದಳು.

"ಬೇಡ ಅಂತ ಅಲ್ಲಮ್ಮ. ಕೂಗ್ತಾರೆ ಅಂತ."

"ಮಾಮ, ಇಲ್ಲಿ ಯಾರೂ ಹಿಂದಿಂದ ಕೂಗಲ್ಲ. ಬೇಡ ಅಂದ್ರೆ ಬೇಡ ಅಂತಾನೇ ನಂಬ್ತಾರೆ."

ಆ ಮಾತು ಕಾಫಿಗಿಂತ ಕಹಿಯಾಗಿತ್ತು. ಹೇಳಿದ್ದನ್ನು ನಂಬುವವರ ಮುಂದೆ ನಾನು ಹಿಂದೆಯೂ ಒಂದು ಸಲ ನಾಟಕ ಆಡಿದ್ದೆನಲ್ಲ.

ಫ್ಲೆಮಿಂಗ್ಸ್‌ಬೆರ್ಯ್: ಏಲಕ್ಕಿ ಬನ್ನು

ಕಂತೆ ಕೊಂಡವನ ಹೆಸರು ಲೆನಾರ್ಟ್. ಫ್ಲೆಮಿಂಗ್ಸ್‌ಬೆರ್ಯ್‌ನ ದೊಡ್ಡ ಆಸ್ಪತ್ರೆಯ ಹತ್ತಿರ ಮನೆ, ಒಂದು ಕಾಲಕ್ಕೆ ಯಂತ್ರ ರಿಪೇರಿ ಮಾಡಿಕೊಂಡಿದ್ದವನು. ವೀಣಾ ಮೆಸೇಜ್ ಹಾಕಿ ಮಂಗಳವಾರ ಎರಡು ಗಂಟೆಗೆ ಭೇಟಿ ಗೊತ್ತುಮಾಡಿದಳು. ಹಾಗೆ ಸುಮ್ಮನೆ ಹೋಗಿ ಬಾಗಿಲು ಬಡಿಯುವ ನನ್ನ ಸಲಹೆಯನ್ನು ಅವಳು ಕೇಳಿಸಿಕೊಳ್ಳಲೂ ಇಲ್ಲ. ಅವಳಿಗೆ ಆಫೀಸು, ನಾನೊಬ್ಬನೇ ರೈಲು ಹತ್ತಿದೆ.

ತಡವಾಗಬಾರದೆಂದು ಐವತ್ತು ನಿಮಿಷ ಮೊದಲೇ ತಲುಪಿದೆ. ನಮ್ಮಲ್ಲಿ ಬೇಗ ಬಂದವನನ್ನು ಒಳಗೆ ಕೂರಿಸಿ ನೀರು ಕೊಡುತ್ತಾರೆ. ಕರೆಗಂಟೆ ಒತ್ತಿದೆ. ಬಾಗಿಲು ತೆರೆದ ಲೆನಾರ್ಟ್ ಗಡಿಯಾರ ನೋಡಿ ವಿನಯವಾಗಿ, "ಎರಡು ಗಂಟೆಗೆ" ಎಂದು ಹೇಳಿ ಬಾಗಿಲು ಹಾಕಿಕೊಂಡ. ಲಿಫ್ಟಿನ ಮುಂದೆ ನಿಂತೆ. ಆ ಕಟ್ಟಡದಲ್ಲಿ ವಾಸವಿದ್ದ ಅರ್ಧ ಜನ ಮೇಲೆ ಕೆಳಗೆ ಹೋಗುವಾಗ ನನ್ನನ್ನು ನೋಡಿದರು, ಯಾರೂ ಏನೂ ಕೇಳಲಿಲ್ಲ. ಸರಿಯಾಗಿ ಎರಡಕ್ಕೆ ಬಾಗಿಲು ತಾನಾಗಿ ತೆರೆಯಿತು. ಈ ಸಲ ಲೆನಾರ್ಟ್ ಬಹಳ ದಿನದ ಮೇಲೆ ಸಿಕ್ಕಿದ ಗೆಳೆಯನಂತೆ ನಕ್ಕು ಸ್ವಾಗತಿಸಿದ.

ಬೂಟು ಬಿಚ್ಚಬೇಕು ಎನ್ನುವುದು ನನಗೆ ಹೊಸದಲ್ಲ. ಆದರೆ ನಮ್ಮಲ್ಲಿ ಚಪ್ಪಲಿ ಬಿಚ್ಚಿದರೆ ಬರಿಗಾಲು, ಇಲ್ಲಿ ಕಾಲುಚೀಲ. ನನ್ನ ಎಡಗಾಲಿನ ಹೆಬ್ಬೆರಳು ಚೀಲದಿಂದ ಪೂರ್ತಿ ಹೊರಗೆ ಬಂದು ಮನೆ ನೋಡುತ್ತಿತ್ತು. ಮುಂದಿನ ಒಂದು ಗಂಟೆ ನಾನು ಎಡಗಾಲನ್ನು ಬಲಗಾಲಿನ ಕೆಳಗಿಟ್ಟುಕೊಂಡು ಕೂತೆ.

ಲೆನಾರ್ಟ್ ಕಾಫಿ ತಂದ, ಜೊತೆಗೆ ತಟ್ಟೆಯಲ್ಲಿ ಬನ್ನುಗಳು. ಏಲಕ್ಕಿ ಹಾಕಿ ಬೇಯಿಸಿದವು. ಆ ಪರಿಮಳಕ್ಕೆ ನನಗೆ ಊರಿನ ಹಬ್ಬವೇ ನೆನಪಾಯಿತು; ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಬೇರೆ. ತಗೊಳ್ಳಿ ಎಂದ. "ಅಯ್ಯೋ ಬೇಡ, ಈಗಷ್ಟೇ ಆಯ್ತು" ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮರ್ಯಾದಸ್ಥ ಅತಿಥಿ ಮೊದಲನೇ ಸಲ ಹಾಗೇ ಹೇಳಬೇಕು, ಎರಡನೇ ಸಲಕ್ಕೆ ಸಂಕೋಚಪಡಬೇಕು, ಮೂರನೇ ಸಲಕ್ಕೆ ತಿನ್ನಬೇಕು. ಲೆನಾರ್ಟ್ ಸರಿ ಎಂದು ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ಒಂದು ತಿಂದ. ಆಮೇಲೆ ಇನ್ನೊಂದು. ಸಂತೆಯ ಹತ್ತು ಹೆಜ್ಜೆಗಳಿಂದ ನಾನು ಏನೂ ಕಲಿತಿರಲಿಲ್ಲ.

ಕೊನೆಗೆ ಅವನು ಕಂತೆ ತಂದು ದಾರ ಬಿಚ್ಚಿದ. ನೀಲಿ ರಟ್ಟಿನ ಪುಸ್ತಕ ನನ್ನ ಕೈಗೆ ಬಂತು. ಪುಟ ತಿರುಗಿಸಿದೆ. ಮತ್ತೆ ತಿರುಗಿಸಿದೆ. ಒಳಗೆ ವಾಲ್ವ್ ಒಂದೂ ಇರಲಿಲ್ಲ. ವಾಲ್ವ್ ಎಲ್ಲಿ ಎಂದೆ.

"ಇದು ಎರಡನೇ ಭಾಗ" ಎಂದ ಲೆನಾರ್ಟ್. "ಇದರಲ್ಲಿ ಟ್ರಾನ್ಸಿಸ್ಟರ್ ಮಾತ್ರ. ರಟ್ಟು ಎರಡಕ್ಕೂ ಒಂದೇ. ನಿಮಗೆ ಬೇಕಾದದ್ದು ಮೊದಲ ಭಾಗ."

ಮೂರು ದಿನ ನಾನು ಊಟ ಸೇರದೆ ಕೊರಗಿದ್ದು ಬೇಡದ ಪುಸ್ತಕಕ್ಕೆ. ನಗು ಬಂತು, ಆದರೆ ಹಸಿವಿನಲ್ಲಿ ಸರಿಯಾಗಿ ಬರಲಿಲ್ಲ.

ಮೊದಲ ಭಾಗದ ಒಂದು ಪ್ರತಿ ಉತ್ತರದ ಲುಲೆಯೊದಲ್ಲಿ, ಹಳೆಯ ಹವ್ಯಾಸಿಗಳ ಒಂದು ಸಣ್ಣ ಗುಂಪಿನ ಪುಸ್ತಕದ ಕೋಣೆಯಲ್ಲಿ ಇದೆ ಎಂದು ಅವನೇ ಹೇಳಿದ. ನೋಡಿಕೊಳ್ಳುವಾಕೆ ಗುನೆಲ್. ನನ್ನೆದುರಿಗೇ ಆಕೆಗೆ ಬರೆದ. ಹೊರಡುವಾಗ ಬಾಗಿಲಲ್ಲಿ ನಿಂತು ನನ್ನ ಹೆಬ್ಬೆರಳನ್ನೇ ನೋಡಿ, "ಲುಲೆಯೊದಲ್ಲಿ ಇನ್ನೂ ಚಳಿ ಇದೆ" ಎಂದಷ್ಟೇ ಹೇಳಿದ.

ಲುಲೆಯೊ: ನೆಲಮಾಳಿಗೆ

ಸಂಜೆ ಹತ್ತಿದ ರೈಲು ಮರುದಿನ ಬೆಳಿಗ್ಗೆ ಲುಲೆಯೊ ಮುಟ್ಟಿಸಿತು. ದಾರಿಯುದ್ದಕ್ಕೂ ಮರ, ಮರ, ಮತ್ತೆ ಮರ. ಎದುರಿನ ಸೀಟಿನವನು ಹನ್ನೆರಡು ತಾಸು ನನ್ನ ಜೊತೆ ಒಂದು ಮಾತೂ ಆಡದೆ, ಇಳಿಯುವಾಗ ನನ್ನ ಬ್ಯಾಗನ್ನು ತಾನೇ ಕೆಳಗಿಳಿಸಿ ಕೊಟ್ಟು ಹೋದ. ನಮ್ಮ ಹರಿಹರದ ಪ್ಯಾಸೆಂಜರಿನಲ್ಲಾಗಿದ್ದರೆ ಅಷ್ಟರಲ್ಲಿ ನನ್ನ ಪಿಂಚಣಿ, ಸಕ್ಕರೆ ಕಾಯಿಲೆ, ಮಗಳ ಗಂಡನ ಸ್ವಭಾವ ಎಲ್ಲ ಬಯಲಾಗಿರುತ್ತಿತ್ತು. ಈ ಸಲ ಕಾಲುಚೀಲ ಹೊಸದು, ವೀಣಾ ಕೊಡಿಸಿದ್ದು. ಹೇಳಿದ ಹೊತ್ತಿಗಿಂತ ಒಂದು ನಿಮಿಷವೂ ಮೊದಲು ಗಂಟೆ ಒತ್ತಬಾರದೆಂದು ರಸ್ತೆಯ ಆ ಬದಿಯಲ್ಲಿ ನಿಂತು ಕಾದೆ.

ಗುನೆಲ್‌ಗೆ ಎಪ್ಪತ್ತೆಂಟು. ತಂತಿ ಕಚೇರಿಯಲ್ಲಿ ಮೋರ್ಸ್ ಕೆಲಸ ಮಾಡಿದವರು. ಎತ್ತರದ ಆಳು, ಮಾತು ಕಡಿಮೆ. ಕಾಫಿ ಬೇಕೇ ಎಂದರು; ನಾನು ಅವರ ಮಾತು ಮುಗಿಯುವ ಮೊದಲೇ ಬೇಕು ಎಂದೆ. ಬನ್? ಬೇಕು. ಎರಡು? ಎರಡೂ ಬೇಕು.

"ನೀವು ರೈಲಿನಲ್ಲಿ ಬಂದಿರಾ?" ಎಂದು ಕೇಳಿದರು. ಹೌದು, ಲುಲೆಯೊ ಚೆನ್ನಾಗಿದೆ ಎಂದೆ. ಅದಕ್ಕೆ ಗುನೆಲ್ ತುಟಿ ಮುಂದೆ ಮಾಡಿ ಸುಯ್ ಎಂದು ಉಸಿರು ಒಳಗೆಳೆದುಕೊಂಡರು. ನನಗೆ ಗಾಬರಿಯಾಯಿತು. ಇನ್ನೊಂದು ಮಾತಿಗೆ ಮತ್ತೆ ಸುಯ್. ಉಬ್ಬಸ ಇರಬೇಕೆಂದು ಎದ್ದು ನೀರಿನ ಲೋಟ ತಂದು ಅವರ ಮುಂದಿಟ್ಟೆ. ಅವರು ನೀರನ್ನೂ ನನ್ನನ್ನೂ ನೋಡಿ, ಆ ಕಡೆಯ ಜನ ಹೌದು ಎನ್ನುವುದೇ ಹಾಗೆ ಎಂದು ವಿವರಿಸಿದರು. ನಾವು ತಲೆ ಅಡ್ಡಡ್ಡ ಆಡಿಸಿ ಹೌದು ಎನ್ನುತ್ತೇವೆ ಎಂದು ನಾನು ಆಡಿಸಿ ತೋರಿಸಿದೆ. ಇಬ್ಬರೂ ಸ್ವಲ್ಪ ಹೊತ್ತು ಹಾಗೆ ಹೌದು ಹೌದು ಎಂದುಕೊಂಡು ಕೂತೆವು.

ಪುಸ್ತಕಗಳು ನೆಲಮಾಳಿಗೆಯಲ್ಲಿ. ಒಣಗಿದ ಕಾಗದದ ವಾಸನೆ, ಕಬ್ಬಿಣದ ಕಪಾಟು, ಒಂದೊಂದು ಪುಸ್ತಕಕ್ಕೂ ಬೆನ್ನ ಮೇಲೆ ನಂಬರು. ಗುನೆಲ್ ಹುಡುಕಲೂ ಇಲ್ಲ. ಕೈ ಚಾಚಿ ತೆಗೆದು ಕೊಟ್ಟರು. ನೀಲಿ ರಟ್ಟು. ತೆರೆದೆ. ವಾಲ್ವುಗಳು. ಕಾಯಿಲ್‌ನ ಪಟ್ಟಿ. ಕೊನೆಯಲ್ಲಿ ನಾಲ್ಕು ಮಡಿಕೆಯ ದೊಡ್ಡ ಹಾಳೆ. ಇದೇ. ಕಾಯಿಲ್‌ಗಳನ್ನು ನಿಜ ಅಳತೆಯಲ್ಲೇ ಬರೆದ ಹಾಳೆ ಅದು. ವಾಲ್ವಿನ ಬುಡವನ್ನು ಆ ಚಿತ್ರದ ಮೇಲಿಟ್ಟು, ಎಲ್ಲೆಲ್ಲಿ ಸುತ್ತು ಶುರು, ಎಲ್ಲಿ ಕೊನೆ ಎಂದು ಗುರುತು ಹಾಕಿಕೊಳ್ಳಬೇಕು. ಸಾಹೇಬರು ಹಾಗೆ ಗುರುತು ಹಾಕುವಾಗ ಸೀಮೆಎಣ್ಣೆ ದೀಪ ಹಿಡಿದು ನಿಂತಿದ್ದು ನಾನೇ. ನನಗೆ ಕಣ್ಣು ತುಂಬಿ ಬಂತು. ಕಾಗದದ ಧೂಳು ಎಂದೆ. ಗುನೆಲ್ ಅದನ್ನು ನಂಬಿದರು ಎಂದು ಕಾಣುತ್ತದೆ, ಸೂರಿನ ಹತ್ತಿರದ ಸಣ್ಣ ಕಿಟಕಿ ತೆರೆದರು.

ಫೋಟೊ ತೆಗೆದುಕೊಳ್ಳುತ್ತೇನೆ ಎಂದು ಮೊಬೈಲ್ ಹೊರತೆಗೆದೆ.

"ಫೋಟೊದಲ್ಲಿ ಅಳತೆ ಉಳಿಯುವುದಿಲ್ಲ" ಎಂದರು ಅವರು. "ಪುಸ್ತಕವನ್ನೇ ಒಯ್ಯಿರಿ. ಕೆಲಸ ಮುಗಿದ ಮೇಲೆ ಕಳಿಸಿ."

"ಭಾರತಕ್ಕೆ?"

"ರೇಡಿಯೋ ಭಾರತದಲ್ಲಿದೆಯಲ್ಲ."

ಪುಸ್ತಕದ ಹಿಂದಿನ ರಟ್ಟಿನ ಜೇಬಿನಿಂದ ಒಂದು ಕಾರ್ಡು ತೆಗೆದರು. ಒಯ್ದವರ ಹೆಸರು, ಒಯ್ದ ದಿನ, ಮರಳಿಸುವ ದಿನ. ಮೇಲೆ ಏಳೆಂಟು ಹೆಸರು, ಪ್ರತಿಯೊಂದರ ಮುಂದೆಯೂ ಮರಳಿಸಿದ ಗುರುತು. ಪೆನ್ನು ಹಿಡಿದು, ಎಷ್ಟು ದಿನ ಬೇಕು ಎಂದರು.

"ನಾಲ್ಕು ದಿನ" ಎಂದೆ.

ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು. ಊರು ಸೇರಲೇ ಅದಕ್ಕಿಂತ ಹೆಚ್ಚು ದಿನ ಬೇಕಿತ್ತು. ಗುನೆಲ್ ಬರೆಯಲು ಬಗ್ಗಿದರು. ನನಗೆ ತಡೆಯಲಾಗಲಿಲ್ಲ, ಅವರ ಕೈ ಹಿಡಿದು ನಿಲ್ಲಿಸಿದೆ. ಸ್ವೀಡನ್ನಿನಲ್ಲಿ ಹಾಗೆ ಅಪರಿಚಿತರ ಕೈ ಹಿಡಿಯಬಾರದೆಂದು ವೀಣಾ ಹೇಳಿದ್ದಳು. ಅಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ. ಸಾಹೇಬರು, ರದ್ದಿಯವನು, ಮೇಜಿನ ಮೇಲೇ ಇಟ್ಟೆ ಎಂದ ಸುಳ್ಳು, ನಲವತ್ತು ವರ್ಷ. ಹೆಂಡತಿಗೂ ಹೇಳದ್ದನ್ನು, ಒಂದು ಗಂಟೆಯ ಹಿಂದೆ ಕಂಡ ಹೆಂಗಸಿಗೆ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಪುಸ್ತಕದ ವಿಷಯದಲ್ಲಿ ನಾನು ನಂಬಿಕೆಗೆ ಯೋಗ್ಯನಲ್ಲ ಎಂದೂ ಸೇರಿಸಿದೆ.

ಗುನೆಲ್ ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಪೆನ್ನು ಎತ್ತಿದ ಹಾಗೇ ಕೇಳಿದರು, "ಹಾಗಾದರೆ ನಿಜವಾಗಿ ಎಷ್ಟು ದಿನ ಬೇಕು?"

"ಆರು ವಾರ. ಹೆಸರು ಖಾದರ್ ಸಾಹೇಬರದ್ದೇ ಬರೆಯಿರಿ."

"ಒಯ್ಯುವವರು ನೀವು" ಎಂದು ನನ್ನ ಹೆಸರನ್ನು ಕೇಳಿ ಕೇಳಿ ಬರೆದರು. "ಆ ಮನುಷ್ಯನಿಗೆ ಇದನ್ನು ಹೇಳಿದ್ದೀರಾ?"

"ಇಲ್ಲ. ಹೇಳಬೇಕಲ್ಲವೇ?"

ಅವರು ಸುಯ್ ಎಂದರು. ಅದರ ಅರ್ಥ ಆಗ ನನಗೆ ಚೆನ್ನಾಗಿ ಗೊತ್ತಿತ್ತು.

ಊರ ಅಂಚಿನ ನೀರಿನ ಹತ್ತಿರ ಬೆಂಚಿನ ಮೇಲೆ ಕೂತು ಫೋನ್ ಮಾಡಿದೆ. ನೆರಳಿನ ಕಡೆ ಇನ್ನೂ ಕೊಳಕು ಹಿಮ ಉಳಿದಿತ್ತು. ದಾವಣಗೆರೆಯಲ್ಲಿ ಸಾಹೇಬರು ಸಂಜೆಯ ಚಹಾ ಕುಡಿಯುವ ಹೊತ್ತು.

"ಸಾಹೇಬ್ರೆ, ಪುಸ್ತಕ ಸಿಕ್ತು."

"ಅಲ್ಹಮ್ದುಲಿಲ್ಲಾ. ಮಡಚಿದ ಹಾಳೆ ಐತಾ?"

"ಐತೆ. ಸಾಹೇಬ್ರೆ, ಇನ್ನೊಂದ್ ಮಾತು. ನಿಮ್ಮ ಪುಸ್ತಕ ನಿಮ್ಮನೇಲಿ ಕಳೀಲಿಲ್ಲ. ನಾನು ವಾಪಸ್ ಕೊಟ್ಟೇ ಇರ್ಲಿಲ್ಲ. ಬಳ್ಳಾರಿಗೆ ಹೋಗೋವಾಗ ರದ್ದಿಗೆ ಹಾಕ್ಬಿಟ್ಟೆ. ಮೇಜಿನ ಮೇಲೆ ಇಟ್ಟೆ ಅಂದಿದ್ದು ಸುಳ್ಳು."

ಆ ಕಡೆ ಯಾರದೋ ಮನೆಯ ಕುಕ್ಕರ್ ಕೂಗಿತು. ಎರಡು ಸಲ, ಮೂರು ಸಲ.

"ನಾನು ಜುಬೇದಾಗೆ ಬೈದಿದ್ದೆ" ಎಂದರು ಸಾಹೇಬರು. "ರದ್ದಿಯವನಿಗೆ ನೀನೇ ಹಾಕಿದೀಯ ಅಂತ. ಇಲ್ಲ ರೀ, ನಾನು ಮುಟ್ಟಿಲ್ಲ ಅಂತ ಅತ್ತಳು. ಎಷ್ಟೋ ದಿನ ನಾನು ಅವಳ ಜೊತೆ ಮಾತೇ ಆಡ್ಲಿಲ್ಲ. ನಿನ್ನ ಮಾತು ನಂಬಿದೆ, ಅವಳ ಮಾತು ನಂಬ್ಲಿಲ್ಲ."

ಆ ಬಜ್ಜಿಯ ಬಾಣಲೆ ಕಣ್ಣ ಮುಂದೆ ಬಂತು. ಅವರು ಮತ್ತೆ ಹೇಳಿದ್ದು ಒಂದೇ ಮಾತು.

"ಪುಸ್ತಕ ಹುಷಾರಾಗಿ ತಗೊಂಡ್ ಬಾ."

ದಾವಣಗೆರೆ

ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿ ಮೂರು ವಿಮಾನಗಳಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಬಂದೆ. ಮಗುವೇ ಎಂದು ಗಗನಸಖಿಯೊಬ್ಬಳು ಬಗ್ಗಿ ನೋಡಿದಳು.

ಸಾಹೇಬರು ಪುಸ್ತಕ ತೆಗೆದುಕೊಂಡರು. ಕೂತ್ಕೋ ಎನ್ನಲಿಲ್ಲ. ನಾನೇ ಕೂತೆ. ಅವರ ಕೈ ನಡುಗುವುದರಿಂದ ಸುತ್ತುವ ಕೆಲಸ ನನ್ನದು, ಎಣಿಸುವುದು ಅವರದು. ಒಂಬತ್ತು ದಿನ ಹೋಗಿ ಕೂತೆ, ಒಂಬತ್ತು ದಿನವೂ ಅವರು ನನ್ನೊಂದಿಗೆ ಆಡಿದ್ದು ಅಂಕಿಗಳನ್ನು ಮಾತ್ರ. ಹನ್ನೊಂದು. ಹನ್ನೆರಡು. ತಪ್ಪು, ಬಿಚ್ಚು. ನಾನು ಬಿಚ್ಚುತ್ತಿದ್ದೆ. ಅಷ್ಟು ವಿಧೇಯನಾಗಿ ನಾನು ನೌಕರಿಯಲ್ಲೂ ಇರಲಿಲ್ಲ.

ಹತ್ತನೇ ದಿನ ಬೆಳಿಗ್ಗೆ ಕಾಯಿಲ್‌ಗಳನ್ನು ರಿಸೀವರಿಗೆ ಸಿಕ್ಕಿಸಿ ಸ್ವಿಚ್ ಹಾಕಿದೆವು. ವಾಲ್ವುಗಳು ಕೆಂಪಗಾದವು. ಊಳಿಡಲಿಲ್ಲ. ಮಳೆ ಹನಿಯುವಂಥ ಸಣ್ಣ ಸದ್ದು, ಅದರೊಳಗಿಂದ ಎಲ್ಲಿಂದಲೋ ಮೋರ್ಸ್. ಸಾಹೇಬರು ಹೆಡ್‌ಫೋನಿಗೆ ಕಿವಿಯೊತ್ತಿ, ತುಟಿ ಆಡಿಸುತ್ತ ಅಕ್ಷರ ಓದಿಕೊಂಡರು. ತುಂಬ ಹೊತ್ತಿನ ಮೇಲೆ ಒಂದು ಬದಿಯ ಬಿಲ್ಲೆಯನ್ನು ತಿರುಗಿಸಿ ನನ್ನ ಕಡೆ ಚಾಚಿದರು. ಇಬ್ಬರೂ ತಲೆಗೆ ತಲೆ ತಾಗಿಸಿ ಕೇಳಿದೆವು.

"ಪುಸ್ತಕ ಯಾವಾಗ ವಾಪಸ್ ಕೊಡ್ಬೇಕು?" ಎಂದರು.

"ಇನ್ನೂ ಮೂರು ವಾರದ ಮೇಲೆ ಟೈಮ್ ಐತೆ. ನಾನು ಕಳಿಸ್ತೀನಿ ಬಿಡಿ."

"ನಿನ್ನ ಕೈಗೆ ಕೊಡಲ್ಲ. ಸ್ಕೂಟರ್ ತಗೊಂಡ್ ಬಾ. ಇವತ್ತೇ ಹೋಗೋಣ."

ಸ್ಕೂಟರಿನ ಹಿಂದೆ, ಎದೆಗೆ ಪುಸ್ತಕ ಅವುಚಿಕೊಂಡು ಕೂತರು. ಪೋಸ್ಟಾಫೀಸಿನ ತಿರುವು ಬಂದಾಗ ಭುಜ ತಟ್ಟಿ ಎಡಕ್ಕೆ ಎಂದರು. ಎಡಕ್ಕೆ ಇರುವುದು ಖಬರಸ್ತಾನ. ಗೇಟಿನ ಹತ್ತಿರ ಇಳಿಸಿ, ನಾನು ಇಲ್ಲೇ ಇರುತ್ತೇನೆ ಎಂದೆ.

"ನಾನು ವಾರ ವಾರ ಬರ್ತೀನಿ. ಇವತ್ತು ಬಂದಿರೋದು ನಿನ್ನ ಕೆಲಸಕ್ಕೆ" ಎಂದರು.

ಬೇವಿನ ಮರದ ಕೆಳಗೆ ಚಾಚಿಯ ಗೋರಿ. ಸಾಹೇಬರು ಕೈಯೆತ್ತಿ ದುವಾ ಮಾಡಿ ಮುಗಿಸಿ, ನೀಲಿ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ನನಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದರು. ನಾನು ಚಪ್ಪಲಿ ಬಿಟ್ಟು ಮುಂದೆ ನಿಂತೆ. ಮೆಲ್ಲಗೆ ಹೇಳಿದೆ.

"ಚಾಚಿ, ಪುಸ್ತಕ ರದ್ದಿಗೆ ಹಾಕಿದ್ದು ನಾನು. ನೀವಲ್ಲ."

ಗಾಳಿಗೆ ಬೇವಿನ ಎಲೆ ಸದ್ದು ಮಾಡಿತು. ಮುಗಿಯಿತೆಂದು ತಿರುಗಿದೆ. ಸಾಹೇಬರು ಅಲ್ಲಾಡದೆ ನಿಂತಿದ್ದರು, ಕಣ್ಣು ಒದ್ದೆಯಾಗಿತ್ತು.

"ಇನ್ನೊಂದ್ ಸಲ ಹೇಳು" ಎಂದರು. "ಜೋರಾಗಿ ಹೇಳು."

ಹೇಳಿದೆ. ಆಮೇಲೆ ಇಬ್ಬರೂ ಪೋಸ್ಟಾಫೀಸಿಗೆ ಹೋದೆವು.